ಮೇಲಿನ ಕೋಣೆಯಲ್ಲಿ ಓದಿದ ಸಮುದ್ರ

ಡಾಕ್ಟ್ರಮ್ಮ ಮೊದಲ ಸಲ ಬಂದ ದಿನ ಅಜ್ಜಿ ಆಕೆಯನ್ನು ರದ್ದಿ ಕೊಳ್ಳುವವಳು ಎಂದುಕೊಂಡಳು. ತಪ್ಪು ಅಜ್ಜಿಯದಲ್ಲ. ಬಂದರಿನ ಉಗ್ರಾಣದ ಹೊರಗಿನ ಇಪ್ಪತ್ತೆರಡು ಮರದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ ಹೆಂಗಸಿನ ಹೆಗಲಲ್ಲಿ ಖಾಲಿ ಚೀಲ ಜೋತಾಡುತ್ತಿತ್ತು. ಕನ್ನಡಕದ ಒಂದು ಕಡ್ಡಿಯನ್ನು ದಾರದಿಂದ ಕಟ್ಟಿಕೊಂಡಿದ್ದಳು. ಬಾಯಿ ತೆರೆದವಳೇ ಹಳೇ ರಿಜಿಸ್ಟರುಗಳು ಇವೆಯಂತಲ್ಲ ಎಂದು ಕೇಳಿದಳು.

"ಇವೆ. ತೂಕಕ್ಕೆ ಕೊಡಲ್ಲ," ಎಂದಳು ಅಜ್ಜಿ.

"ತೂಕಕ್ಕೆ ಬೇಡ ಅಜ್ಜಿ. ಓದೋಕೆ."

ಅಜ್ಜಿ ಕದವನ್ನು ಅರ್ಧಕ್ಕೇ ಹಿಡಿದು ನಿಂತಳು. ಓದುವುದಕ್ಕೆ ಅವುಗಳಲ್ಲಿ ಇದ್ದದ್ದಾದರೂ ಏನು? ಒಂದು ತಾರೀಖು, ಅದರ ಮುಂದೆ ಒಂದು ಅಂಕಿ, ಅಷ್ಟೇ. ದಿನಾ ಬೆಳಿಗ್ಗೆ ಕಟ್ಟೆಯ ಕಲ್ಲುಮೆಟ್ಟಿಲು ಇಳಿದು ಒಂದು ಬಕೆಟ್ಟು ಸಮುದ್ರದ ನೀರು ಸೇದಿ, ಅದರಲ್ಲಿ ಥರ್ಮಾಮೀಟರು ಇಳಿಬಿಟ್ಟು, ನೀರು ಎಷ್ಟು ತಣ್ಣಗಿದೆ ಎಂದು ಬರೆದಿಡುವುದಕ್ಕೆ ಬಂದರು ಕಚೇರಿಯಲ್ಲಿ ಒಬ್ಬ ಆಳು ಇರುತ್ತಿದ್ದ. ಎಪ್ಪತ್ತೊಂದು ವರ್ಷದಲ್ಲಿ ಮೂರು ಜನ ಆ ಕೆಲಸ ಮಾಡಿದ್ದರು. ಮೂರನೆಯವರು ಅಜ್ಜಿಯ ಯಜಮಾನರು. ಅವರು ತೀರಿಕೊಂಡ ಮೇಲೆ ಕಚೇರಿಯವರು ನೀರೊಳಗಿನ ಕಂಬಕ್ಕೆ ಒಂದು ಯಂತ್ರ ತಗುಲಿಸಿ, ರಿಜಿಸ್ಟರುಗಳನ್ನೆಲ್ಲ ಹಿತ್ತಲಿಗೆ ಎಸೆದಿದ್ದರು. ಅಜ್ಜಿ ಮೂರು ದಿನ ಹೊತ್ತು ತಂದು ಮಂಚದ ಕೆಳಗೆ ಜೋಡಿಸಿದ್ದಳು. ಯಜಮಾನರ ಕೈಬರಹ ಅಂಗಡಿಯಲ್ಲಿ ಪೊಟ್ಟಣವಾಗುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ. ಅದಾಗಿ ಒಂಬತ್ತು ವರ್ಷ. ಮೇಲಿನ ಆ ಕೋಣೆಯೂ ಕೆಲಸದ ಜೊತೆ ಬಂದದ್ದೇ. ಯಾರಿಗೂ ಬೇಡವಾಗಿದ್ದರಿಂದ ಅವಳನ್ನು ಯಾರೂ ಎಬ್ಬಿಸಲಿಲ್ಲ.

ಪುಸ್ತಕ ಮನೆಯಿಂದ ಹೊರಗೆ ಹೋಗಕೂಡದು ಎಂದು ಅಜ್ಜಿ ಕರಾರು ಹಾಕಿದಳು. ಹಾಗಾದರೆ ನಾನೇ ದಿನಾ ಬರುತ್ತೇನೆ ಎಂದಳು ಆ ಹೆಂಗಸು. ಬಂದಳು ಕೂಡ. ಹಗ್ಗ ಹೊಸೆಯುವವರ ಮನೆಯ ಹಿಂದೆ ಒಂದು ಕೋಣೆ ಹಿಡಿದು, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಮೆಟ್ಟಿಲ ಮೇಲೆ ಸದ್ದು ಮಾಡಿದಳು.

ಏನು ಕೆಲಸ ತಾಯಿ ನಿಮ್ಮದು ಎಂದು ಮೂಟೆ ಹೊರುವವರು ಕೇಳಿದ್ದಕ್ಕೆ ಆಕೆ, ಸಮುದ್ರದ ನಾಡಿ ನೋಡುವುದು ಎಂದುಬಿಟ್ಟಳಂತೆ. ಅಲ್ಲಿಂದ ನೀರಿನ ಡಾಕ್ಟ್ರಮ್ಮ ಎಂದು ಹೆಸರು ನಿಂತಿತು. ಅವರಲ್ಲೊಬ್ಬ ಊದಿದ ಮಂಡಿ ಚಾಚಿ ಕೂತ. ನಾನು ಲೆಕ್ಕದಲ್ಲಿ ಡಾಕ್ಟ್ರು, ಮಂಡಿ ನೋಡಲು ಬರುವುದಿಲ್ಲ ಎಂದು ಆಕೆ ಸಂಕೋಚಪಟ್ಟರೆ, "ಹಂಗಾರೆ ಲೆಕ್ಕ ಹಾಕಿಯಾದ್ರೂ ಹೇಳಿ, ಇನ್ನೆಷ್ಟು ದಿನ ನೋಯುತ್ತೆ ಅಂತ," ಎಂದನಂತೆ ಅವನು. ಇದನ್ನು ಹೇಳಿಕೊಂಡು ಆಕೆ ಅಜ್ಜಿಯ ಮುಂದೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒಬ್ಬರೇ ಇದ್ದು ರೂಢಿಯಾದವರ ನಗು ಅದು. ಶುರುವಾದರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ.

ಕೆಲಸ ಹೀಗೆ ಸಾಗಿತು. ಅಜ್ಜಿಗೆ ಅಕ್ಷರ ಕಷ್ಟ. ತನ್ನ ಹೆಸರು ಬರೆಯುತ್ತಿದ್ದಳು, ಅಂಗಡಿಯ ಹಲಗೆಗಳನ್ನು ಕೂಡಿಸಿ ಓದುತ್ತಿದ್ದಳು. ಅಂಕಿ ಮಾತ್ರ ಚೆನ್ನಾಗಿ ಗೊತ್ತು, ಯಜಮಾನರು ಕಲಿಸಿದ್ದರು. ಅವಳು ಗೆರೆಯ ಕೆಳಗೆ ಬೆರಳಿಟ್ಟು "ಒಂದು, ನಾಲ್ಕು, ಬಿಂದು, ಆರು" ಎಂದು ಹೇಳುವುದು, ಡಾಕ್ಟ್ರಮ್ಮ ಕಂಪ್ಯೂಟರಿನಲ್ಲಿ ಒತ್ತುವುದು. ಪುಟ ಮುಗಿದ ಮೇಲೆ ಡಾಕ್ಟ್ರಮ್ಮ ಹಿಂದಕ್ಕೆ ಓದಿ ಹೇಳುವುದು, ಅಜ್ಜಿ ತಾಳೆ ನೋಡುವುದು. ಎರಡನೇ ವಾರದಲ್ಲೇ ಅಜ್ಜಿ ಆಕೆಯನ್ನು ತಡೆದಳು. ಮೊದಲನೇ ಆಳು ಬರೆದ ಒಂದನ್ನು ನೀವು ಏಳು ಅಂತ ಹಾಕುತ್ತಿದ್ದೀರಿ. ಅವನ ಒಂದಕ್ಕೆ ಮೂಗಿದೆ, ಏಳಕ್ಕಾದರೆ ಮೂಗೂ ಇದೆ, ಸೊಂಟಕ್ಕೆ ಪಟ್ಟಿಯೂ ಇದೆ ಎಂದಳು. ಡಾಕ್ಟ್ರಮ್ಮ ಕನ್ನಡಕ ತೆಗೆದು ಪುಟವನ್ನು ಮೂಗಿಗೆ ಹಿಡಿದು ನೋಡಿದಳು. ನಾಲ್ಕು ದಿನದ ಕೆಲಸ ಮತ್ತೆ ಮೊದಲಿನಿಂದ ಆಯಿತು. ಆಕೆ ಒಂದಿಷ್ಟೂ ಬೇಸರಪಡಲಿಲ್ಲ. ನಮ್ಮ ಸಂಸ್ಥೆಯಲ್ಲಿ ನಿಮ್ಮಂಥವರು ಒಬ್ಬರಿದ್ದರೆ ಎಷ್ಟೋ ಜನರ ಮಾನ ಉಳಿಯುತ್ತಿತ್ತು ಎಂದಳು.

ಟೀ ಕುಡಿಯುವಾಗ ಸ್ವಲ್ಪ ಸ್ವಲ್ಪವಾಗಿ ಆಕೆಯ ಕಥೆ ಹೊರಬಂತು. ಸಮುದ್ರದಿಂದ ಬಹಳ ಒಳಗಿನ ಊರು. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಮೂವರು ಹೆಣ್ಣುಮಕ್ಕಳಲ್ಲಿ ಕಿರಿಯವಳು. ಇಪ್ಪತ್ತೆರಡನೇ ವಯಸ್ಸಿನವರೆಗೆ ಸಮುದ್ರವನ್ನೇ ನೋಡಿರಲಿಲ್ಲ. ಕಾಲೇಜಿನವರು ಕರೆದುಕೊಂಡು ಹೋದಾಗ ಉಳಿದವರೆಲ್ಲ ಅಲೆಗೆ ಓಡಿದರೆ ಈಕೆ ಮರಳಲ್ಲಿ ನಿಂತು, ಇಷ್ಟೊಂದು ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಮೇಷ್ಟರನ್ನು ಕೇಳಿದಳಂತೆ. ಮೇಷ್ಟರಿಗೆ ಗೊತ್ತಿರಲಿಲ್ಲ. ಆ ಪ್ರಶ್ನೆಯನ್ನು ಕಟ್ಟಿಕೊಂಡೇ ಬದುಕು ಇಲ್ಲಿಯವರೆಗೆ ಬಂತು ಎಂದಳು. ಮದುವೆಯ ಮಾತು ಅಜ್ಜಿ ಕೇಳದೆ ಬಿಡಲಿಲ್ಲ. ಒಬ್ಬರು ಇದ್ದರು, ನಾಲ್ಕು ವರ್ಷ ಕಾದರು, ಆಮೇಲೆ ಕಾಯುವುದು ನಿಲ್ಲಿಸಿದರು ಎಂದು ಡಾಕ್ಟ್ರಮ್ಮ ಲೋಟ ತೊಳೆಯಲು ಎದ್ದಳು. ಹನ್ನೊಂದು ವರ್ಷದಿಂದ ಒಂದೇ ಸಂಸ್ಥೆ, ವರ್ಷ ವರ್ಷಕ್ಕೂ ಹೊಸದಾಗಿ ನೇಮಕ. ಇನ್ನೊಂದು ವರ್ಷ ಇರು ಎಂದು ಅವರು ಹೇಳುವುದು, ಈಕೆ ಇರುವುದು.

ಏನು ಲೆಕ್ಕ ಅದು ಎಂದು ಅಜ್ಜಿ ಕೇಳಿದ್ದು ಎರಡು ತಿಂಗಳ ಮೇಲೆ. ತನಗೆ ತಿಳಿಯುವುದಿಲ್ಲ ಎಂದೇ ಸುಮ್ಮನಿದ್ದಳು. ಡಾಕ್ಟ್ರಮ್ಮ ಹೇಳಿದ ರೀತಿಗೆ ತಿಳಿಯಿತು.

ಬಿಸಿಲಿನ ಸೀಮೆಯಿಂದ ಬೆಚ್ಚನೆಯ, ಉಪ್ಪು ಹೆಚ್ಚಿರುವ ನೀರು ಸಮುದ್ರದ ಮೇಲ್ಮೈಯಲ್ಲಿ ಹೊಳೆಯ ಹಾಗೆ ಹರಿದು ಹಿಮದ ಸೀಮೆಗೆ ಹೋಗುತ್ತದೆ. ಅಲ್ಲಿ ತಣ್ಣಗಾಗುತ್ತದೆ. ತಣ್ಣಗೂ ಆಗಿ ಉಪ್ಪೂ ಇರುವ ನೀರು ಭಾರ, ತಳಕ್ಕೆ ಮುಳುಗುತ್ತದೆ. ಮುಳುಗಿದ್ದು ಅಡಿಯಲ್ಲೇ ವಾಪಸ್ಸು ಹರಿಯುತ್ತದೆ. ಅದು ಮುಳುಗುವುದರಿಂದಲೇ ಹಿಂದಿನ ನೀರಿಗೆ ಮುಂದೆ ಬರಲು ಜಾಗ. ಈಗ ಹಿಮ ಹೆಚ್ಚು ಕರಗಿ ಸಿಹಿನೀರು ಬಂದು ಸೇರಿದರೆ ಮೇಲಿನ ನೀರು ಹಗುರಾಗುತ್ತದೆ, ಮುಳುಗಲು ಒಲ್ಲೆ ಎನ್ನುತ್ತದೆ, ಹರಿವು ನಿಧಾನವಾಗುತ್ತದೆ. ಹರಿವು ನಿಧಾನವಾದರೆ ಅದು ಹೊತ್ತು ತರುವ ಉಪ್ಪೂ ಕಡಿಮೆ.

ಅಜ್ಜಿ ತನ್ನ ಮಾತಿನಲ್ಲಿ ಹೇಳಿದಳು: "ಅಂದ್ರೆ ಉಪ್ಪು ತರೋಳು ಬಂದರೆ ಉಪ್ಪು. ಉಪ್ಪಿದ್ರೆ ಮಾತ್ರ ಅವಳು ಬರ್ತಾಳೆ."

"ಅಷ್ಟೇ ಅಜ್ಜಿ. ಅಷ್ಟನ್ನ ಹೇಳೋಕೆ ನಾನು ಮುನ್ನೂರು ಪುಟ ಬರೆದಿದೀನಿ."

ಒಂದು ಮಟ್ಟ ದಾಟಿದರೆ ಆ ಹರಿವು ತಾನಾಗಿ ಬಿದ್ದುಹೋಗುತ್ತದೆ, ಆಮೇಲೆ ಯಾರು ಎತ್ತಿದರೂ ಏಳುವುದಿಲ್ಲ. ಆ ಮಟ್ಟ ಎಷ್ಟು ದೂರದಲ್ಲಿದೆ ಎಂದು ಮೊದಲೇ ತಿಳಿಯುವುದು ಹೇಗೆ ಎನ್ನುವುದೇ ಡಾಕ್ಟ್ರಮ್ಮನ ಲೆಕ್ಕ. ಅದಕ್ಕೊಂದು ಗುರುತಿದೆಯಂತೆ. ಅದನ್ನು ಆಕೆ ಅಪ್ಪನ ಅಂಗಡಿಯ ಮಾತಿನಲ್ಲಿ ಹೇಳಿದಳು. ಸೈಕಲ್ಲು ಜೋರಾಗಿ ಓಡುವಾಗ ಯಾರಾದರೂ ತಳ್ಳಿದರೆ ಒಂದು ಸಲ ಓಲಾಡಿ ತಟ್ಟನೆ ನೇರವಾಗುತ್ತದೆ. ವೇಗ ಇಳಿಯುತ್ತಾ ಬಂದ ಹಾಗೆ ಅದೇ ಓಲಾಟ ಸರಿಹೋಗಲು ಹೆಚ್ಚು ಹೊತ್ತು ಬೇಕು. ಇನ್ನೂ ಇಳಿದರೆ ಇನ್ನೂ ಹೆಚ್ಚು. ಬೀಳುವ ಮುಂಚಿನ ಓಲಾಟ ಎಲ್ಲಕ್ಕಿಂತ ಉದ್ದ. ಸಮುದ್ರವೂ ಹಾಗೇ. ನಾಲ್ಕು ದಿನ ಚಳಿಗಾಳಿ ಬೀಸಿ ನೀರು ತಣ್ಣಗಾಯಿತು ಅನ್ನಿ. ಮತ್ತೆ ತನ್ನ ಮಾಮೂಲಿಗೆ ಬರಲು ಎಷ್ಟು ದಿನ ತೆಗೆದುಕೊಂಡಿತು? ಆ ದಿನಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆಯೇ? ಆ ಹರಿವಿನ ಅಂಚು ನಿಮ್ಮ ಈ ಬಂದರಿಗೆ ತಾಗಿಕೊಂಡೇ ಹೋಗುತ್ತದೆ, ಒಂದು ದಿನವೂ ಬಿಡದೆ ಬರೆದಿಟ್ಟ ಇಷ್ಟು ಉದ್ದದ ಲೆಕ್ಕ ನನಗೆ ಬೇರೆಲ್ಲೂ ಸಿಕ್ಕಿಲ್ಲ ಎಂದಳು.

ಒಂದು ದಿನವೂ ಬಿಡದೆ ಎನ್ನುವಾಗ ಅಜ್ಜಿಗೆ ಹೆಮ್ಮೆಯಾಯಿತು. ಯಜಮಾನರಿಗೆ ಅದೇ ಮಾತು ಬರೆದ ಪ್ರಶಸ್ತಿ ಪತ್ರವನ್ನು ಬಂದರು ಕಚೇರಿ ಕೊಟ್ಟಿತ್ತು. ಅದು ನಾದಿನಿಯ ಮನೆಯ ಗೋಡೆಯ ಮೇಲಿತ್ತು. ಅಣ್ಣನ ಪತ್ರ ನನಗಿರಲಿ ಎಂದು ಒಯ್ದಿದ್ದಳು.

ಆ ನೀರು ಮುಳುಗುವ ಜಾಗವನ್ನು ಡಾಕ್ಟ್ರಮ್ಮ ಒಮ್ಮೆಯೂ ನೋಡಿರಲಿಲ್ಲ. ಹನ್ನೊಂದು ವರ್ಷ ಅದರ ಲೆಕ್ಕವನ್ನೇ ಮಾಡಿದ್ದಳು. ಕಣ್ಣು ಮುಚ್ಚಿದರೆ ಅದರ ಆಳ ಅಗಲ ಹೇಳುತ್ತಿದ್ದಳು. ವರ್ಷಕ್ಕೊಂದು ಹಡಗು ಅಲ್ಲಿಗೆ ಹೋಗುತ್ತದೆ. ಜಾಗ ಕಡಿಮೆ. ಯಾರ ಲೆಕ್ಕದಲ್ಲಿ ಹೊಸದೇನಾದರೂ ಕಂಡಿದೆಯೋ ಅವರಿಗೆ ಮೊದಲು. ಅಲ್ಲಿ ಹೋದರೆ ಏನು ಕಾಣುತ್ತದೆ ಎಂದು ಅಜ್ಜಿ ಕೇಳಿದಳು.

"ಏನೂ ಕಾಣಲ್ಲವಂತೆ. ಬರೀ ನೀರು, ಬೂದು ಬಣ್ಣದ್ದು. ಹೋಗಿ ಬಂದವರೆಲ್ಲ ಹೇಳ್ತಾರೆ." ಡಾಕ್ಟ್ರಮ್ಮ ಕಿಟಕಿಯ ಕಡೆ ನೋಡಿದಳು. ಆ ಕಿಟಕಿಯಿಂದ ಸಮುದ್ರ ಕಾಣುತ್ತಿರಲಿಲ್ಲ, ಉಗ್ರಾಣದ ಅಂಗಳ ಕಾಣುತ್ತಿತ್ತು. "ಆದ್ರೂ ಅದರ ಮೇಲೆ ಒಂದ್ಸಲ ನಿಲ್ಲಬೇಕು ಅಜ್ಜಿ. ಕಾಲ ಕೆಳಗೆ ಅದು ಇಳೀತಿದೆ ಅಂತ ಗೊತ್ತಿದ್ದು ನಿಲ್ಲಬೇಕು."

ಅಜ್ಜಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾಲ್ಕು ತಿಂಗಳಿಗೆ ಓದುವ ಕೆಲಸ ಮುಗಿಯಿತು. ಹತ್ತು ದಿನ ಡಾಕ್ಟ್ರಮ್ಮ ತನ್ನ ಕೋಣೆಯಲ್ಲೇ ಕುಳಿತು ಲೆಕ್ಕ ಓಡಿಸಿದಳು. ಹನ್ನೊಂದನೇ ದಿನ ಮೆಟ್ಟಿಲನ್ನು ಓಡಿ ಹತ್ತಿ ಬಂದು, ಕಂಪ್ಯೂಟರನ್ನು ಅಜ್ಜಿಯ ತೊಡೆಯ ಮೇಲೇ ಇಟ್ಟಳು. ಒಂದು ಗೆರೆ. ಎಡದಿಂದ ಬಹುದೂರ ಮಲಗಿಕೊಂಡೇ ಬಂದು, ಬಲತುದಿಯಲ್ಲಿ ತಲೆ ಎತ್ತಿ ಎದ್ದಿತ್ತು. ಅರವತ್ತೈದು ವರ್ಷ ಒಂದೇ ಸಮ, ಕಡೇ ಆರು ವರ್ಷದಲ್ಲಿ ಸಮುದ್ರ ಸರಿಹೋಗಲು ತೆಗೆದುಕೊಂಡ ಹೊತ್ತು ಹೆಚ್ಚಾಗುತ್ತಲೇ ಹೋಗಿದೆ ಎಂದು ಆಕೆ ಬೆರಳಿಟ್ಟು ತೋರಿಸಿದಳು. ಇದು ಕೆಟ್ಟ ಸುದ್ದಿ, ಸಂತೋಷಪಡಬಾರದು ಎಂದು ತಾನೇ ಹೇಳಿಕೊಂಡಳು. ಮುಖ ಮಾತ್ರ ಹೂಬಿಟ್ಟ ಬಳ್ಳಿಯ ಹಾಗಿತ್ತು. ಇನ್ನು ಹನ್ನೆರಡು ದಿನದಲ್ಲಿ ಇದನ್ನು ಬರೆದು ಕಳಿಸಬೇಕು. ಕಳಿಸಿದರೆ ಈ ಸಲದ ಹಡಗಿನಲ್ಲಿ ಜಾಗ ಇದೆ ಎಂದು ಮೇಲಿನವರು ಬಾಯಿಬಿಟ್ಟು ಹೇಳಿದ್ದಾರೆ.

"ಯಾವ ಆರು ವರ್ಷ?" ಎಂದಳು ಅಜ್ಜಿ.

ಡಾಕ್ಟ್ರಮ್ಮ ವರ್ಷ ಹೇಳಿದಳು. ಟೀ ಇಡುತ್ತೇನೆ ಎಂದು ಅಜ್ಜಿ ಒಳಗೆ ಹೋಗಿ, ನೀರನ್ನು ಒಲೆಯ ಮೇಲಿಟ್ಟು, ಒಲೆ ಹಚ್ಚುವುದನ್ನೇ ಮರೆತು ನಿಂತಳು.

ಆ ಆರು ವರ್ಷ ಯಜಮಾನರು ಮಂಚ ಬಿಟ್ಟು ಏಳಲಿಲ್ಲ. ಮೊದಲು ಕಾಲು ಹೋಯಿತು, ಆಮೇಲೆ ಸೊಂಟ. ನೀರಿನ ಪಕ್ಕದಲ್ಲೇ, ಸೇದಿದ ಕೂಡಲೇ ಓದತಕ್ಕದ್ದು ಎಂದು ಕಚೇರಿಯ ನಿಯಮ. ಹೇಳಿಬಿಡೋಣ, ಬೇರೆಯವರು ಬರಲಿ ಎಂದು ಅಜ್ಜಿ ಎಂದದ್ದುಂಟು. ಬೇರೆಯವರು ಬಂದರೆ ಮೇಜಿನ ಮುಂದೆ ಕೂತೇ ಅಂಕಿ ಹಾಕುತ್ತಾರೆ, ನನಗೆ ಗೊತ್ತು ಎಂದು ಅವರು ಒಪ್ಪಲಿಲ್ಲ. ಹಾಗಾಗಿ ಅಜ್ಜಿಯೇ ಇಳಿದು ಸೇದುವುದು, ತುಳುಕದ ಹಾಗೆ ಇಪ್ಪತ್ತೆರಡು ಮೆಟ್ಟಿಲು ಹತ್ತಿಸುವುದು, ಮಂಚದ ಪಕ್ಕ ಇಡುವುದು. ಅವರು ಓದಿ ತಮ್ಮ ಕೈಯಲ್ಲೇ ಬರೆಯುವುದು. ಇದು ನಾದಿನಿಯೊಬ್ಬಳಿಗೆ ಬಿಟ್ಟು ಇನ್ನೊಂದು ಪ್ರಾಣಿಗೆ ಗೊತ್ತಿರಲಿಲ್ಲ.

ನಾದಿನಿ ಹಿಂದಿನ ಬೀದಿಯಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡಿದ್ದಳು. ಅಜ್ಜಿ ಹೋಗಿ ಹೇಳಿದಾಗ ಆಕೆ ಪೆಡಲು ನಿಲ್ಲಿಸಲಿಲ್ಲ, ಹೊಲಿಯುತ್ತಲೇ ಕೇಳಿದಳು. ಆ ಡಾಕ್ಟ್ರಮ್ಮ ಏನಾದರೂ ಕೇಳಿದ್ದಾಳಾ? ಇಲ್ಲ. ಮತ್ತೆ ಮೈಮೇಲೆ ಎಳೆದುಕೊಳ್ಳುವುದು ಯಾಕೆ?

"ಹೇಳಿ ಏನು ಕಡಿದು ಗುಡ್ಡೆ ಹಾಕ್ತೀರಿ ಅತ್ತಿಗೆ? ನಮ್ಮಣ್ಣ ಕಳ್ಳಲೆಕ್ಕ ಬರೆದ ಅನ್ನಿಸ್ಕೊಬೇಕಾ? ಆ ಹುಡುಗಿಗೂ ಹಡಗು ತಪ್ಪುತ್ತೆ. ಇಬ್ಬರ ಬಾಯಿಗೂ ಮಣ್ಣು ಹಾಕಿದ್ರೆ ನಿಮಗೇನು ಸಿಗುತ್ತೆ?"

"ಅಂಕಿ ಸರಿಹೋಗುತ್ತೆ," ಎಂದಳು ಅಜ್ಜಿ.

"ಅಂಕಿಯಂತೆ. ಗಂಡನಿಗಿಂತ ಹೆಚ್ಚಾಯ್ತಾ ಅಂಕಿ?"

ಗೋಡೆಯ ಮೇಲಿನ ಪತ್ರದ ಕಡೆ ನೋಡದೆ ಅಜ್ಜಿ ಎದ್ದು ಬಂದಳು. ಒಂಬತ್ತು ದಿನ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಡಾಕ್ಟ್ರಮ್ಮ ಬರೆದದ್ದನ್ನು ಓದಿ ಹೇಳುವಳು, ಹಡಗಿನಲ್ಲಿ ಹಾಕಿಕೊಳ್ಳಲು ತಂದ ದಪ್ಪ ಕಾಲುಚೀಲ ತೋರಿಸುವಳು. ಅಕ್ಕಂದಿರಿಗೆ ಫೋನು ಮಾಡಿ, ಈ ಸಲ ಖಂಡಿತ ಎನ್ನುವಳು. ಆ ಒಂದು ಮಾತು ಕೇಳಿದಾಗಲೆಲ್ಲ ಅಜ್ಜಿ ಎದ್ದು ಒಲೆಯ ಹತ್ತಿರ ಹೋಗುತ್ತಿದ್ದಳು. ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ ಎಂದು ನಾದಿನಿ ಹೇಳಿದ್ದು ನಿಜವೇ. ಆದರೆ ಯಜಮಾನರು ಬೇಕೆಂದು ಒಂದು ಸುಳ್ಳು ಅಂಕಿ ಬರೆದವರಲ್ಲ. ಅವರ ಕಾಯಿಲೆಯನ್ನು ಸಮುದ್ರದ ಕಾಯಿಲೆ ಎಂದು ಜಗತ್ತೆಲ್ಲ ಓದಿದರೆ, ಅದು ಅವರು ಬರೆದ ಸುಳ್ಳಾಗುತ್ತದೆ.

ಹತ್ತನೇ ದಿನ ಬೆಳಿಗ್ಗೆ ಡಾಕ್ಟ್ರಮ್ಮ ಬಂದು ಕೂರುವ ಮೊದಲೇ ಅಜ್ಜಿ ಹೇಳಿಬಿಟ್ಟಳು.

"ಆ ಆರು ವರ್ಷ ನೀರನ್ನ ಕೆಳಗೆ ಓದಲಿಲ್ಲ ಡಾಕ್ಟ್ರಮ್ಮ. ಇಲ್ಲಿ ಓದಿದ್ದು. ಈ ಮಂಚದ ಪಕ್ಕ. ನಾನು ಹೊತ್ಕೊಂಡು ಬರ್ತಿದ್ದೆ."

ಡಾಕ್ಟ್ರಮ್ಮ ನಿಂತೇ ಇದ್ದಳು. ತಂದ ಕೂಡಲೇ ಓದುತ್ತಿದ್ದರೇ ಎಂದು ಮೆಲ್ಲಗೆ ಕೇಳಿದಳು. ಇಲ್ಲ, ಕೂಡಲೇ ಇಲ್ಲ. ಕಿಟಕಿಯಿಂದ ಸಮುದ್ರ ಕಾಣುವುದಿಲ್ಲವಲ್ಲ; ಇವತ್ತು ಹೇಗಿದೆ, ಬಣ್ಣ ಏನು, ಅಲೆ ಯಾವ ಮೆಟ್ಟಿಲವರೆಗೆ ಬಂದಿತ್ತು ಎಂದು ಎಲ್ಲ ಕೇಳುತ್ತಿದ್ದರು. ಎಲ್ಲ ಹೇಳುವವರೆಗೆ ಥರ್ಮಾಮೀಟರು ಮುಟ್ಟುತ್ತಿರಲಿಲ್ಲ. ಕೇಳುತ್ತಾ ಕೇಳುತ್ತಾ ಬಕೆಟ್ಟಿನಲ್ಲಿ ಕೈ ಅದ್ದಿಕೊಂಡಿರುತ್ತಿದ್ದರು. ಬರಬರುತ್ತಾ ಮಾತು ನಿಧಾನವಾಯಿತು. ಒಂದು ಪ್ರಶ್ನೆಗೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು ಹೋಗುತ್ತಿತ್ತು.

ಡಾಕ್ಟ್ರಮ್ಮ ಹೋಗಿ ಗೋಡೆಯ ಮೇಲೆ ಅಂಗೈಯಿಟ್ಟಳು. ಒಂದು ಮೊಳ ದಪ್ಪದ ಕಲ್ಲುಗೋಡೆ. ಇದು ಚಳಿಯನ್ನು ಹಿಡಿದರೆ ನಾಲ್ಕೈದು ದಿನ ಬಿಡುವುದಿಲ್ಲ ಎಂದು, ಅಜ್ಜಿಗಲ್ಲ, ತನಗೇ ಹೇಳಿಕೊಂಡಳು. ಬಕೆಟ್ಟಿನ ನೀರು ಕೋಣೆಯ ಗುಣ ಹಿಡಿದಿದೆ. ಕೆಳಗೆ ಸಮುದ್ರ ಸರಿಹೋದ ಮೇಲೂ ಮೇಲೆ ಅಂಕಿ ಸರಿಹೋಗಿಲ್ಲ. ಅವರು ನಿಧಾನವಾದಷ್ಟೂ ಗೆರೆ ಎದ್ದಿದೆ.

ಕನ್ನಡಕ ತೆಗೆದು ಒರೆಸಿದಳು. ಮತ್ತೆ ಹಾಕಿಕೊಂಡಳು. ಮತ್ತೆ ತೆಗೆದಳು. ಆಕೆಯ ಬಾಯಿಂದ ಒಂದು ಬಿರುನುಡಿಯಾದರೂ ಬಂದಿದ್ದರೆ ಅಜ್ಜಿಗೆ ಹಗುರವಾಗುತ್ತಿತ್ತು.

"ನನ್ನ ಗೆರೆ ನಿಮ್ಮ ಯಜಮಾನರದು," ಎಂದಳು ಡಾಕ್ಟ್ರಮ್ಮ ಕಡೆಗೆ. "ಸಮುದ್ರದ್ದಲ್ಲ."

ಮೆಟ್ಟಿಲು ಇಳಿದು ಹೋದಳು. ಅಜ್ಜಿ ಬಾಗಿಲಿಗೆ ಬಂದು ಬಗ್ಗಿ ನೋಡಿದಾಗ ಆಕೆ ಕಟ್ಟೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಮಂಡಿ ನೋವಿನವನು ಏನೋ ತಮಾಷೆ ಮಾಡಿ, ಆಕೆ ತಿರುಗದ್ದನ್ನು ನೋಡಿ ಸುಮ್ಮನೆ ಹೊರಟುಹೋದ.

ಐದು ದಿನ ಮೆಟ್ಟಿಲ ಮೇಲೆ ಸದ್ದಿಲ್ಲ. ನಾದಿನಿ ಬಂದು, ಈಗ ತೃಪ್ತಿಯಾಯಿತಾ ಎಂದು ಕೇಳಿ ಹೋದಳು. ಒಂಬತ್ತು ಗಂಟೆಯಾದರೆ ಅಜ್ಜಿಯ ಕಿವಿ ತಾನಾಗಿ ಹೊರಗೆ ಹೋಗುತ್ತಿತ್ತು. ಯಜಮಾನರು ಹೋದ ಮೇಲೆ ಯಾರ ಹೆಜ್ಜೆಗೂ ಹೀಗೆ ಕಾದವಳಲ್ಲ.

ಆರನೇ ದಿನ ಬೆಳಕು ಹರಿಯುವ ಹೊತ್ತಿಗೇ ಡಾಕ್ಟ್ರಮ್ಮ ಬಂದಳು. ಕೈಯಲ್ಲಿ ಎರಡು ಥರ್ಮಾಮೀಟರು, ಒಂದು ಗಡಿಯಾರ. ಹಳೇ ಬಕೆಟ್ಟು ಇದೆಯೇ ಎಂದು ಕೇಳಿದಳು. ಇತ್ತು. ನೀವು ಆಗ ಹೇಗೆ ತರುತ್ತಿದ್ದಿರೋ ಹಾಗೇ ತನ್ನಿ. ಕೆಳಗೊಂದು ಸಲ, ಮೇಲೊಂದು ಸಲ ನಾನು ಓದುತ್ತೇನೆ. ಈ ಕೋಣೆ ಆ ನೀರಿಗೆ ಎಷ್ಟು ಹೊತ್ತಿನಲ್ಲಿ ಏನು ಮಾಡುತ್ತದೆ ಎಂದು ತಿಳಿದರೆ, ಅಷ್ಟನ್ನು ಕಳೆದು ಅಡಿಯಲ್ಲಿರುವ ಸಮುದ್ರವನ್ನು ತೆಗೆಯಬಹುದು ಎಂದಳು. ಬರಹ ಕಳಿಸಲಿಲ್ಲ ಎನ್ನುವುದನ್ನು ನಡುವೆ ಎಲ್ಲೋ ಸೇರಿಸಿ ಹೇಳಿದಳು. ಹಡಗಿಗೆ ಬೇರೆಯವರನ್ನು ಹಾಕಿದ್ದಾರೆ. ಪರವಾಗಿಲ್ಲ, ಅವರಿಗೆ ಸಮುದ್ರದ ಮೇಲೆ ತಲೆ ತಿರುಗುತ್ತದಂತೆ, ಅನುಭವಿಸಲಿ.

ನಲವತ್ತು ಬೆಳಿಗ್ಗೆ ಹಾಗೆ ಮಾಡಿದರು. ಅಜ್ಜಿಗೆ ಎಪ್ಪತ್ತೆರಡು. ಬಕೆಟ್ಟು ನಾನು ಹಿಡಿಯುತ್ತೇನೆ ಎಂದರೆ ಒಪ್ಪಲಿಲ್ಲ. ನಿಮ್ಮ ನಡಿಗೆ ಬೇರೆ, ತುಳುಕಾಟ ಬೇರೆ, ಅಂಕಿ ಕೆಡುತ್ತದೆ ಎಂದಳು. ಹತ್ತನೇ ಮೆಟ್ಟಿಲಲ್ಲಿ ಅಂದು ನಿಲ್ಲುತ್ತಿದ್ದಂತೆಯೇ ನಿಂತು ಉಸಿರು ತೆಗೆದುಕೊಂಡಳು. ಮಂಚದ ಪಕ್ಕ ಅದೇ ಜಾಗದಲ್ಲಿ ಇಟ್ಟಳು. ಕೈ ಅದ್ದುವ ಕೆಲಸವೂ ಇತ್ತಲ್ಲ. ಯಜಮಾನರದು ದೊಡ್ಡ ಕೈ, ತಣ್ಣನೆಯ ಕೈ. ತನ್ನದು ಅದರ ಅರ್ಧ. ಡಾಕ್ಟ್ರಮ್ಮನ ಕೈಯೂ ಜೊತೆಗೆ ಇಟ್ಟರೆ ಸರಿಸುಮಾರು ಆಗುತ್ತದೆ ಎಂದು ಅಜ್ಜಿ ಅಂದಾಜು ಮಾಡಿದಳು. ಹಾಗೆ ಇಬ್ಬರೂ ನೆಲದ ಮೇಲೆ ಕೂತು ಒಂದೇ ಬಕೆಟ್ಟಿನಲ್ಲಿ ಕೈಯಿಟ್ಟುಕೊಂಡು ಗಡಿಯಾರ ನೋಡುತ್ತಿದ್ದರು. ಸುಮ್ಮನೆ ಕೂರಲಾಗದೆ ಡಾಕ್ಟ್ರಮ್ಮ ಒಂದು ದಿನ, ಇವತ್ತು ಬಣ್ಣ ಹೇಗಿತ್ತು ಎಂದು ಕೇಳಿದಳು. ಅಜ್ಜಿ ಹೇಳಲು ಬಾಯಿ ತೆರೆದವಳು ಹೇಳಲಾರದೆ ಹೋದಳು. ಮರುದಿನ ಹೇಳಿದಳು.

ಆದರೆ ಯಾವ ದಿನ ಎಷ್ಟು ಹೊತ್ತು ಬಕೆಟ್ಟು ನಿಂತಿತ್ತು ಎನ್ನುವುದು ಎಲ್ಲೂ ಬರೆದಿರಲಿಲ್ಲ. ಅಲ್ಲಿಗೆ ಲೆಕ್ಕ ನಿಂತುಹೋಯಿತು ಎಂದು ಡಾಕ್ಟ್ರಮ್ಮ ಕೈಚೆಲ್ಲುವುದರಲ್ಲಿದ್ದಳು. ಅಜ್ಜಿ ರಿಜಿಸ್ಟರು ತೆಗೆಸಿದಳು. ಇಲ್ಲಿ ನೋಡು ಮಗಳೇ ಎಂದು, ಅಂದು ಮೊದಲ ಸಲ ಏಕವಚನದಲ್ಲಿ, ಒಂದು ಎಂಟರ ಮೇಲೆ ಬೆರಳಿಟ್ಟಳು. ಎಂಟರ ಎರಡೂ ಹೊಟ್ಟೆ ಮುಚ್ಚಿವೆ. ಅವತ್ತು ಕೈ ಗಟ್ಟಿಯಿತ್ತು, ಮಾತು ಬೇಗ ಮುಗಿಯಿತು, ಹತ್ತು ನಿಮಿಷ. ಇಲ್ಲಿ ಕೆಳಗಿನ ಹೊಟ್ಟೆ ತೆರೆದುಕೊಂಡಿದೆ. ನೋವಿದ್ದ ದಿನ, ಅರ್ಧ ಗಂಟೆ ಹಾಕು. ಈ ಐದರ ತಲೆ ಗೆರೆ ಬಿಟ್ಟು ಹಾರಿದೆ. ಅವತ್ತು ಬರೆಯುವಾಗ ನಾನು ಮೊಣಕೈ ಹಿಡಿದಿದ್ದೆ, ಮುಕ್ಕಾಲು ಗಂಟೆ. ಆರು ವರ್ಷದ ದಿನಗಳನ್ನು ಹೀಗೆ ಒಂದೊಂದಾಗಿ ಹೇಳುತ್ತಾ ಹೋದಳು. ಗೊತ್ತಿಲ್ಲದ ದಿನ ಗೊತ್ತಿಲ್ಲ ಎಂದಳು. ಡಾಕ್ಟ್ರಮ್ಮ ಬರೆದುಕೊಳ್ಳುತ್ತಾ ಹೋದಳು. ನಡುನಡುವೆ ಪೆನ್ನು ನಿಂತರೆ ಅಜ್ಜಿ ತಾನೂ ನಿಲ್ಲುತ್ತಿದ್ದಳು. ಕಟ್ಟಕಡೆಯ ಪುಟಕ್ಕೆ ಬಂದಾಗ ಮಾತ್ರ, ಇದು ಆಮೇಲೆ ಎಂದು ಮುಚ್ಚಿಬಿಟ್ಟಳು.

ಎಲ್ಲ ಕಳೆದು ಕೂಡಿಸಿದ ಮೇಲೆ ಗೆರೆ ಮತ್ತೆ ಮಲಗಿತು. ಪೂರ್ತಿ ಅಲ್ಲ. ಮುಕ್ಕಾಲು ಪಾಲು ಇಳಿದು ಕಾಲು ಪಾಲು ಉಳಿಯಿತು. ಅದು ಸಮುದ್ರದ್ದಿರಬಹುದು. ಹಾಗಾದರೆ ಭಯಪಡುವಂಥದ್ದು ಇದೆ, ಆದರೆ ಹೌದು ಎನ್ನುವ ಧೈರ್ಯ ಈಗಿಲ್ಲ, ಇಲ್ಲ ಎನ್ನುವ ಧೈರ್ಯವೂ ಇಲ್ಲ ಎಂದಳು ಡಾಕ್ಟ್ರಮ್ಮ. ಬೇರೆ ಬಂದರುಗಳ ಲೆಕ್ಕದ ಜೊತೆ ಇಟ್ಟು ನೋಡಬೇಕು. ಸಂಸ್ಥೆಯವರು ವಾಪಸ್ಸು ಕರೆದಿದ್ದರು. ಇನ್ನೊಂದು ವರ್ಷ ಇರು ಎಂದಿದ್ದರು. ಬರಹದಲ್ಲಿ ಯಜಮಾನರ ವಿಷಯ ಹೇಗೆ ಬರುತ್ತದೆ ಎಂದು ಅಜ್ಜಿ ಹೆದರುತ್ತಲೇ ಕೇಳಿದಳು. ನೀರನ್ನು ಮೇಲಿನ ಕೋಣೆಯಲ್ಲಿ ಓದಲಾಗಿದೆ, ಓದಿದವರು ಹಾಸಿಗೆ ಹಿಡಿದಿದ್ದರು, ಆದರೂ ಒಂದು ದಿನವೂ ಬಿಟ್ಟಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ ಎಂದು ಡಾಕ್ಟ್ರಮ್ಮ ಓದಿ ತೋರಿಸಿದಳು. ಅಜ್ಜಿ ಇನ್ನೊಂದು ಸಲ ಓದಿಸಿದಳು. ಅದರಲ್ಲಿ ಕಳ್ಳಲೆಕ್ಕ ಎನ್ನುವಂಥ ಮಾತು ಒಂದೂ ಇರಲಿಲ್ಲ. ನಾದಿನಿಗೂ ಕೇಳಿಸಬೇಕು ಎಂದಳು.

ಹೊರಡುವ ದಿನ ಮಧ್ಯಾಹ್ನ ಡಾಕ್ಟ್ರಮ್ಮ ಚೀಲ ಕಟ್ಟಿಕೊಂಡೇ ಬಂದಿದ್ದಳು. ಲಾಂಚಿಗೆ ಇನ್ನೂ ಒಂದು ಗಂಟೆಯಿತ್ತು. ಒಂದೇ ಪುಟ ಉಳಿದಿದೆ ಎಂದು ಕಡೆಯ ರಿಜಿಸ್ಟರನ್ನು ಮಂಚದ ಮೇಲೆ ಬಿಚ್ಚಿದಳು. ಆ ಪುಟದಲ್ಲಿ ಹತ್ತೊಂಬತ್ತು ದಿನ. ಹಿಂದಿನ ಪುಟದಲ್ಲಿ ಅಂಕಿಗಳು ಗಾಳಿಗೆ ಸಿಕ್ಕ ಹುಲ್ಲಿನ ಹಾಗೆ ಬಾಗಿದ್ದವು. ಇಲ್ಲಿ ಒಂದೊಂದೂ ದಪ್ಪಕ್ಕೆ, ನೆಟ್ಟಗೆ, ಚೌಕದ ನಡುವೆ ಒತ್ತಿ ಬರೆದದ್ದು. ಹೊಸದಾಗಿ ಬರೆಯಲು ಕಲಿತ ಮಕ್ಕಳ ಅಂಕಿಯ ಹಾಗೆ. ಡಾಕ್ಟ್ರಮ್ಮ ಬಂದರು ಕಚೇರಿಗೆ ಹೋಗಿ ಯಜಮಾನರು ತೀರಿಕೊಂಡ ತಾರೀಖು ನೋಡಿ ಬಂದಿದ್ದಳು. ಹಿಂದಿನ ಪುಟದ ಕೊನೆಯ ಸಾಲಿನ ದಿನ ಅದು.

ಈ ಪುಟ ನೀವು ಬರೆದದ್ದಲ್ಲವೇ ಎಂದು ಕೇಳಿದಳು.

ಹೌದು ಎಂದಳು ಅಜ್ಜಿ. ಯಂತ್ರ ತಗುಲಿಸಲು ಜನ ಬಂದದ್ದು ಇಪ್ಪತ್ತನೇ ದಿನ. ಅಲ್ಲಿಯವರೆಗೆ ನಿಲ್ಲಿಸು ಎಂದು ಯಾರೂ ಹೇಳಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಇಳಿದು ಸೇದಿದೆ.

"ಆವಾಗ ಕೆಳಗೇ ಓದಬಹುದಿತ್ತಲ್ಲ."

"ಓದಬಹುದಿತ್ತು," ಎಂದಳು ಅಜ್ಜಿ. "ಆದ್ರೂ ಮೇಲೇ ತಂದೆ. ಮಂಚದ ಪಕ್ಕಕ್ಕೇ."

ಕಡೆಯ ದಿನಗಳಿಗೆ ಲೆಕ್ಕದಲ್ಲಿ ತೂಕ ಹೆಚ್ಚು, ಗೆರೆಯ ತುದಿ ಎತ್ತ ನೋಡುತ್ತದೆ ಎನ್ನುವುದು ಅವುಗಳ ಮೇಲಿದೆ ಎಂದು ಡಾಕ್ಟ್ರಮ್ಮ ಮೊದಲೇ ಹೇಳಿದ್ದಳು, ಈಗ ಹೇಳಲಿಲ್ಲ. ಮಂಚದ ಅಂಚಿನಿಂದ ಇಳಿದು ಅಜ್ಜಿಯ ಪಕ್ಕ ನೆಲದ ಮೇಲೆ ಕೂತಳು. ಪುಟದ ಬದಿಯಲ್ಲಿ ಪೆನ್ನಿಟ್ಟುಕೊಂಡು, ಅಜ್ಜಿಯ ಮುಖ ನೋಡದೆ, ಬಹಳ ಮೆಲ್ಲಗೆ ಕೇಳಿದಳು:

"ಆ ಹತ್ತೊಂಬತ್ತು ದಿನ, ಬಕೆಟ್ಟು ಇಲ್ಲಿ ಎಷ್ಟೆಷ್ಟು ಹೊತ್ತು ಇರ್ತಿತ್ತು ಅಜ್ಜಿ?"